ಫ್ಲ್ಯಾಟಿನಲ್ಲಿ ಕೇಕ್ ಮಾಡಿ ಮಾರಲು ಯಾರ ಯಾರ ಒಪ್ಪಿಗೆ ಬೇಕು? ಮುಂಬೈಯವರು ಹೇಳಿ

ಬೆಣ್ಣೆಬಿಸ್ಕತ್ತು, ಮುಲುಂಡ್ (ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ನಮ್ಮದು ಮುಲುಂಡ್ ಪೂರ್ವದಲ್ಲಿ ಸ್ವಂತ ಫ್ಲ್ಯಾಟ್, ಒಂದೇ ಬೆಡ್‌ರೂಮು. ಅಡುಗೆಮನೆಯಲ್ಲಿ ಒಂದು ಒಟಿಜಿ (ಸಣ್ಣ ಕರೆಂಟ್ ಓವನ್) ಇಟ್ಟುಕೊಂಡು ಕೇಕ್, ಕುಕೀಸ್ ಮಾಡಿ ಮಾರುತ್ತೇನೆ. ಊರ ಕಡೆಯ ಬೇಕರಿ ತಿಂಡಿ ಕೇಳುವವರು ಜಾಸ್ತಿ, ಹಾಗಾಗಿ ಖಾರ ಬನ್, ರವೆ ಕೇಕ್, ದಿಲ್‌ಪಸಂದ್ ಕೂಡ ಉಂಟು. ಕೆಲಸದವರು ಯಾರೂ ಇಲ್ಲ. ಬೋರ್ಡಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬರುತ್ತದೆ, ಸಂಜೆ ಬಂದು ತಗೊಂಡು ಹೋಗುತ್ತಾರೆ.

ಮೊನ್ನೆ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬಾಗಿಲಿಗೆ ಬಂದು ಮೊಬೈಲಿನಲ್ಲಿ ಒಂದು ಫಾರ್ವರ್ಡ್ ತೋರಿಸಿದರು. "ಹೈಕೋರ್ಟು ಮುಂಬೈಯ ಬೇಕರಿಗಳನ್ನೆಲ್ಲ ಬಂದ್ ಮಾಡಿಸುತ್ತಿದೆ. ನಿಮ್ಮದೂ ಬೇಕರಿಯೇ ತಾನೇ? ಬಿಲ್ಡಿಂಗಿಗೆ ನೋಟಿಸ್ ಬಂದರೆ ಯಾರು ಜವಾಬ್ದಾರಿ?" ಅಂದರು. ಸೊಸೈಟಿಯ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತನ್ನಿ ಅನ್ನುತ್ತಾರೆ. ಕೊಡಬೇಕಾದವರು ಅವರೇ, ತನ್ನಿ ಅನ್ನುವವರೂ ಅವರೇ! ಮುಂದಿನ ತಿಂಗಳಿಂದ ಮೇಂಟೆನೆನ್ಸ್ ಡಬಲ್ ಮಾಡುತ್ತಾರಂತೆ.

ಇತ್ತ ಒಬ್ಬ ಏಜೆಂಟು "ಫುಡ್ ಲೈಸೆನ್ಸ್, ಗುಮಾಸ್ತಾ (ಅಂಗಡಿ ಲೈಸೆನ್ಸ್), ಉದ್ಯಮ್ (ಸಣ್ಣ ಉದ್ಯಮದ ನೋಂದಣಿ), ಮೂರೂ ಸೇರಿ 8,000 ರೂಪಾಯಿ, ನೀವು ಸುಮ್ಮನೆ ಕೂತಿರಿ" ಅನ್ನುತ್ತಿದ್ದಾನೆ. ಕ್ರಿಸ್ಮಸ್ ಆರ್ಡರ್ ಶುರುವಾಗುವ ಮೊದಲು ಎಲ್ಲ ಸರಿ ಮಾಡಿಕೊಳ್ಳಬೇಕು. ಯಾವುದು ಬೇಕು, ಯಾವುದು ಬೇಡ?

ಡೊಂಬಿವ್ಲಿಯಿಂದ

ಮೊದಲು ಆ ಏಜೆಂಟಿನ ನಂಬರ್ ಬ್ಲಾಕ್ ಮಾಡಿ ಅಕ್ಕ.

ಕುಂದಾಪ್ರ ಮಾಣಿ, ಅಂಧೇರಿ

ನಂಬರ್ ಬ್ಲಾಕ್ ಮಾಡುವ ಮೊದಲು ದಿಲ್‌ಪಸಂದ್ ಎಷ್ಟಕ್ಕೆ ಕೊಡುತ್ತೀರಿ ಹೇಳಿ ಮಾರಾಯ್ರೆ. ಈ ಊರಿನಲ್ಲಿ ಅದು ಸಿಗುವುದೇ ಇಲ್ಲ.

ಲೆಕ್ಕದ ಪುಸ್ತಕ, ಠಾಣೆ

ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ. ಇದು ಬೇಕೇ ಬೇಕು. ಮನೆಯಲ್ಲಿ ಮಾಡಿದರೂ, ಒಬ್ಬರೇ ಮಾಡಿದರೂ, ವಾರಕ್ಕೆ ಎರಡೇ ಕೇಕ್ ಮಾರಿದರೂ ಬೇಕು. 2006ರ ಆಹಾರ ಸುರಕ್ಷತೆ ಕಾಯ್ದೆ ಮನೆ, ಅಂಗಡಿ ಅಂತ ಭೇದ ಮಾಡುವುದಿಲ್ಲ. ಆದರೆ ನಿಮಗೆ ಬೇಕಿರುವುದು ದೊಡ್ಡ ಲೈಸೆನ್ಸ್ ಅಲ್ಲ. 2011ರ ನಿಯಮದ ಪ್ರಕಾರ ಈಗ, ಅಂದರೆ 2025ರಲ್ಲಿ, ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವ್ಯಾಪಾರ ಇರುವವರಿಗೆ ಬರೀ ರಿಜಿಸ್ಟ್ರೇಷನ್ ಸಾಕು. ಅದಾದ ಮೇಲೆ 20 ಕೋಟಿವರೆಗೆ ರಾಜ್ಯದ ಲೈಸೆನ್ಸ್, ಅದಕ್ಕೂ ಮೇಲೆ ಕೇಂದ್ರದ್ದು. ತಿಂಗಳಿಗೆ 1 ಲಕ್ಷದೊಳಗೆ ಇದ್ದೀರಾ? ಹಾಗಿದ್ದರೆ ರಿಜಿಸ್ಟ್ರೇಷನ್ ಅಷ್ಟೇ.

ಫೀ ಎಷ್ಟು ಗೊತ್ತಾ? 2025ರ ಲೆಕ್ಕದಲ್ಲಿ ವರ್ಷಕ್ಕೆ 100 ರೂಪಾಯಿ. ಒಂದರಿಂದ ಐದು ವರ್ಷದವರೆಗೆ ಒಟ್ಟಿಗೆ ಕಟ್ಟಬಹುದು. ಐದು ವರ್ಷಕ್ಕೆ ಕಟ್ಟಿದರೂ 500. ಫಾಸ್ಕಾಸ್ ಅನ್ನುವ ಪೋರ್ಟಲ್‌ನಲ್ಲಿ ಫಾರ್ಮ್ 'ಎ' ತುಂಬಬೇಕು. ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಬೇಕು. 14 ಅಂಕಿಯ ನಂಬರ್ ಬರುತ್ತದೆ. ಅದನ್ನು ಬಿಲ್ಲಿನ ಮೇಲೆ ಹಾಕುವುದು 2022ರ ಜನವರಿ 1ರಿಂದ ಕಡ್ಡಾಯ.

ಉದ್ಯಮ್ ರಿಜಿಸ್ಟ್ರೇಷನ್ 2020ರ ಜುಲೈಯಿಂದ ಇದೆ, ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಸಾಕು. ಒಂದು ಕಾಗದವನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ. ಕಡ್ಡಾಯವೂ ಅಲ್ಲ, ಸಾಲ ಬೇಕಾದಾಗ ಕೆಲಸಕ್ಕೆ ಬರುತ್ತದೆ.

ಇನ್ನು ಗುಮಾಸ್ತಾ. ಮಹಾರಾಷ್ಟ್ರದಲ್ಲಿ 2017ರಲ್ಲಿ ಹೊಸ ಅಂಗಡಿ ಕಾಯ್ದೆ ಬಂದಾಗಲೇ 10ಕ್ಕಿಂತ ಕಡಿಮೆ ಕೆಲಸದವರು ಇರುವ ಜಾಗಕ್ಕೆ ಲೈಸೆನ್ಸ್ ಅನ್ನುವುದು ಹೋಯಿತು. ಆನ್‌ಲೈನ್‌ನಲ್ಲಿ ಒಂದು ಮಾಹಿತಿ ಕೊಟ್ಟರೆ ಮುಗಿಯಿತು. ಬ್ಯಾಂಕಿನವರು ಕರೆಂಟ್ ಅಕೌಂಟಿಗೆ ಅದನ್ನು ಕೇಳುತ್ತಾರೆ ಅಂತ ಜನ ಮಾಡಿಸಿಕೊಳ್ಳುತ್ತಾರೆ.

ಇಷ್ಟಕ್ಕೆ 8,000!

ಬೆಣ್ಣೆಬಿಸ್ಕತ್ತು, ಮುಲುಂಡ್

100 ರೂಪಾಯಿನಾ? ನಾನು ಕೇಕಿನ ಮೇಲೆ ಹಾಕುವ ಹೆಸರಿನ ಟಾಪರ್‌ಗೆ ಅಷ್ಟು ತಗೊಳ್ಳುತ್ತೇನೆ. ಥ್ಯಾಂಕ್ಸ್ ಅಣ್ಣ. ಅರ್ಜಿಗೆ ಸೊಸೈಟಿ ಎನ್‌ಒಸಿ ಕೇಳುತ್ತಾರಾ?

ಲೆಕ್ಕದ ಪುಸ್ತಕ, ಠಾಣೆ

ನನ್ನ ಹತ್ತಿರ ಬಂದವರಲ್ಲಿ ಸ್ವಂತ ಮನೆಯವರಿಗೆ ಯಾರೂ ಕೇಳಿಲ್ಲ. ಬಾಡಿಗೆ ಮನೆಯಾದರೆ ಕರಾರು ಪತ್ರ, ಮಾಲೀಕರ ಒಪ್ಪಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಮಾಟುಂಗ ಹಳಬ

ಆ ಹೈಕೋರ್ಟ್ ಸುದ್ದಿಯನ್ನು ಯಾರೂ ಪೂರ್ತಿ ಓದುವುದಿಲ್ಲ. 2025ರ ಜನವರಿ 9ರಂದು ಬಾಂಬೆ ಹೈಕೋರ್ಟ್ ಹೇಳಿದ್ದು ಕಟ್ಟಿಗೆ ಮತ್ತು ಇದ್ದಿಲಿನ ಒಲೆಗಳ ಬಗ್ಗೆ. ಮುಂಬೈಯ ಗಾಳಿ ಕೆಟ್ಟಿದೆ ಅಂತ ಕೋರ್ಟು ತಾನಾಗಿ ಎತ್ತಿಕೊಂಡ ಕೇಸು ಅದು. ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿ, ಹೋಟೆಲುಗಳು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕು ಅಂದರು. ಜುಲೈಗೆ ಗಡುವು ಮುಗಿಯಿತು. ನಿಮ್ಮದು ಕರೆಂಟ್ ಓವನ್. ನಿಮಗೂ ಅದಕ್ಕೂ ಸಂಬಂಧವೇ ಇಲ್ಲ.

ಸಂಬಂಧ ಇದ್ದದ್ದು ನಮ್ಮ ಪಾವಿಗೆ. ಇರಾನಿಗಳ ಹಳೆಯ ಭಟ್ಟಿಯ ಪಾವು ತಿಂದು ಬೆಳೆದವನು ನಾನು. ಗ್ಯಾಸಿನಲ್ಲಿ ಬೆಂದ ಪಾವಿಗೆ ಮೇಲೆ ಆ ಕೆಂಪು ಹೊರಪದರ ಬರುವುದಿಲ್ಲ. ಬ್ರೆಡ್ಡಿನಂತೆ ಮೆತ್ತಗಿರುತ್ತದೆ.

ಡೊಂಬಿವ್ಲಿಯಿಂದ

ಹಳಬರೇ, ಆ ಕೆಂಪು ಹೊರಪದರಕ್ಕಾಗಿ ಪಕ್ಕದ ಚಾಳಿನ ಮಕ್ಕಳು ಹೊಗೆ ಕುಡಿಯಬೇಕಾ? ಎಷ್ಟೋ ಕಡೆ ಸೌದೆ ಅಂತ ಉರಿಸುತ್ತಿದ್ದದ್ದು ಹಳೆಯ ಫರ್ನಿಚರ್ ಚೂರು, ಪ್ಲೈವುಡ್ಡು. ಬಣ್ಣ, ಗೋಂದು ಸಮೇತ.

ಮಾಟುಂಗ ಹಳಬ

ಹೊಗೆ ಬೇಕು ಅಂತ ನಾನೆಲ್ಲಿ ಅಂದೆ? ರುಚಿ ಹೋಯಿತು ಅಂದೆ. ಎರಡೂ ನಿಜ ಇರಬಹುದು.

ವಾಸ್ಕೋವಾಸಿ

ಗೋವಾಕ್ಕೆ ಬನ್ನಿ. ಪೊದೇರ (ಬ್ರೆಡ್ ಮಾರುವವ) ಇನ್ನೂ ಸೈಕಲ್ಲಿನಲ್ಲಿ ಹಾರ್ನ್ ಒತ್ತುತ್ತಾ ಬರುತ್ತಾನೆ. ಪೊಯಿ ಅನ್ನುವ ಬ್ರೆಡ್ಡು ಬಿಸಿಬಿಸಿ ಸಿಗುತ್ತದೆ.

ಕಮಿಟಿ ಮೆಂಬರ್, ಚೆಂಬೂರು

ಎಲ್ಲರೂ ಸೆಕ್ರೆಟರಿಗೆ ಬೈಯುವ ಮೊದಲು ಇನ್ನೊಂದು ಕಡೆಯದೂ ಕೇಳಿ. ನಾನೂ ನಮ್ಮ ಸೊಸೈಟಿ ಕಮಿಟಿಯಲ್ಲಿದ್ದೇನೆ. ಸಂಬಳವಿಲ್ಲದ ಕೆಲಸ, ಬೈಗುಳ ಮಾತ್ರ ಕೈತುಂಬ.

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ಹೀಗೆಯೇ ಕೇಕಿನಿಂದ ಶುರು ಮಾಡಿದರು. ಆಮೇಲೆ ಟಿಫಿನ್. ಆಮೇಲೆ ಇಬ್ಬರು ಹುಡುಗರನ್ನು ಇಟ್ಟುಕೊಂಡರು. ಲಿಫ್ಟಿನ ಮುಂದೆ ಯಾವಾಗಲೂ ಡೆಲಿವರಿಯವರು. ರಾತ್ರಿ ಹನ್ನೊಂದಕ್ಕೂ ವಾಚ್‌ಮನ್ ಇಂಟರ್‌ಕಾಮ್ ಒತ್ತುತ್ತಾನೆ, ಅದೂ ತಪ್ಪು ಮನೆಗೆ. ಕೆಳಗಿನ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿ. ಒಂದು ದಿನ ನೋಡಿದರೆ ಬಾಲ್ಕನಿಯಲ್ಲಿ ನಾಲ್ಕು ಗ್ಯಾಸ್ ಸಿಲಿಂಡರ್! ಬೆಂಕಿ ಬಿದ್ದರೆ ಕೇಳುವುದು ಯಾರನ್ನು? ಕಮಿಟಿಯನ್ನು.

ಬೈಲಾದಲ್ಲಿ, ಅಂದರೆ ಸೊಸೈಟಿಯ ನಿಯಮಾವಳಿಯಲ್ಲಿ, ಸ್ಪಷ್ಟವಾಗಿದೆ. ಫ್ಲ್ಯಾಟನ್ನು ಯಾವುದಕ್ಕೆ ಕೊಟ್ಟಿದೆಯೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸಬೇಕಾದರೆ ಕಮಿಟಿಯ ಲಿಖಿತ ಒಪ್ಪಿಗೆ ಬೇಕು. ನೆರೆಯವರಿಗೆ ತೊಂದರೆ ಕೊಡಬಾರದು ಅಂತಲೂ ಇದೆ.

ಕುಂದಾಪ್ರ ಮಾಣಿ, ಅಂಧೇರಿ

ಒಂದು ಒಟಿಜಿಗೂ ನಾಲ್ಕು ಸಿಲಿಂಡರಿಗೂ ಎಂತ ಸಂಬಂಧ? ನಿಮ್ಮ ಬಿಲ್ಡಿಂಗಿನ ಸಿಟ್ಟನ್ನು ಮುಲುಂಡಿನ ಅಕ್ಕನ ಮೇಲೆ ಹಾಕಬೇಡಿ.

ಕಮಿಟಿ ಮೆಂಬರ್, ಚೆಂಬೂರು

ಎಲ್ಲರೂ ಒಂದು ಒಟಿಜಿಯಿಂದಲೇ ಶುರು ಮಾಡುವುದು ಸ್ವಾಮಿ.

ಕೋಥ್ರೂಡ್ ಅಕ್ಕ, ಪುಣೆ

ನಾನು ಮೂಲತಃ ಧಾರವಾಡದಾಕಿ, ಪುಣೆಯಲ್ಲಿ ಮನೆಯಿಂದಲೇ ನಾನಖಟಾಯಿ, ಕೇಕ್ ಮಾಡುತ್ತೇನೆ. ಬೆಣ್ಣೆಬಿಸ್ಕತ್ತು ಅವರೇ, ಜಗಳಕ್ಕೆ ಇಳಿಯಬೇಡಿ ಅನ್ನುವುದು ನನ್ನ ಮೊದಲ ಮಾತು. ಕಾನೂನು ನಿಮ್ಮ ಕಡೆ ಇದ್ದರೂ ಅದೇ ಲಿಫ್ಟಿನಲ್ಲಿ ದಿನಾ ಹೋಗಿಬರಬೇಕು ನೋಡಿ.

ನಾನು ಮಾಡಿದ್ದು ಹೀಗೆ. ಕಮಿಟಿಗೆ ನಾನೇ ಒಂದು ಪತ್ರ ಬರೆದೆ. ಕೆಲಸದವರು ಇರುವುದಿಲ್ಲ, ಬೋರ್ಡು ಹಾಕುವುದಿಲ್ಲ, ಗಿರಾಕಿಗಳು ಮೇಲೆ ಬರುವುದಿಲ್ಲ, ಡಬ್ಬವನ್ನು ನಾನೇ ಗೇಟಿಗೆ ತಂದು ಕೊಡುತ್ತೇನೆ, ರಾತ್ರಿ ಎಂಟರ ಮೇಲೆ ಪಿಕಪ್ ಇಲ್ಲ, ಗ್ಯಾಸ್ ಬಳಸುವುದಿಲ್ಲ. ಎಲ್ಲ ಬರೆದು ಕೊಟ್ಟೆ. ಎನ್‌ಒಸಿ ಕೊಡಿ ಅಂತ ಕೇಳಲಿಲ್ಲ, ತಿಳಿಸುತ್ತಿದ್ದೇನೆ ಅಂತ ಬರೆದೆ. ಒಂದು ಪ್ರತಿಗೆ ಸೊಸೈಟಿಯ ಸಿಕ್ಕೆ ಹಾಕಿಸಿಕೊಂಡೆ. ಅದೇ ಈಗ ನನ್ನ ದಾಖಲೆ. ಯಾರೂ ಬಾಯಿ ತೆಗೆದಿಲ್ಲ. ಗಣಪತಿ ಹಬ್ಬಕ್ಕೆ ಸೊಸೈಟಿಗೆ ಒಂದು ತಟ್ಟೆ ನಾನಖಟಾಯಿ ಕೊಡುತ್ತೇನೆ, ಅದೂ ಕೆಲಸ ಮಾಡುತ್ತದೆ ಅನ್ನಿ.

ಡೊಂಬಿವ್ಲಿಯಿಂದ

ಅಂದರೆ ಲಂಚ.

ಕೋಥ್ರೂಡ್ ಅಕ್ಕ, ಪುಣೆ

ಪ್ರಸಾದ ಅಂತಾರ್ರೀ ಅದಕ್ಕ.

ಲೆಕ್ಕದ ಪುಸ್ತಕ, ಠಾಣೆ

ಅಕ್ಕನ ಪತ್ರದ ಉಪಾಯ ಚೆನ್ನಾಗಿದೆ. ಆದರೆ ಕಮಿಟಿ ಮೆಂಬರ್ ಹೇಳಿದ ಬೈಲಾ ಮಾತೂ ಸುಳ್ಳಲ್ಲ. ತಿಳಿಸಿದರೆ ಸಾಕು, ಒಪ್ಪಿಗೆ ಬೇಡ ಅಂತ ಯಾರೂ ಎದೆ ತಟ್ಟಿ ಹೇಳಲಾರರು. ಫ್ಲ್ಯಾಟಿನಲ್ಲಿ ಜನ ವಾಸ ಇದ್ದು, ಅಡುಗೆಮನೆಯಲ್ಲಿ ಅಡುಗೆಯಂಥದ್ದೇ ಕೆಲಸ ನಡೆಯುತ್ತಿದ್ದರೆ ಅದು ಬಳಕೆಯ ಬದಲಾವಣೆ ಹೌದಾ ಅಲ್ಲವಾ, ಅಲ್ಲಿ ವಾದ ಮಾಡಲು ಜಾಗವಿದೆ. ಬೆಡ್‌ರೂಮು ತೆಗೆದು ಅಲ್ಲಿ ನಾಲ್ಕು ಓವನ್ ಇಟ್ಟರೆ ವಾದಕ್ಕೆ ಜಾಗವಿಲ್ಲ.

ಮೇಂಟೆನೆನ್ಸ್ ಡಬಲ್ ಅನ್ನುವುದು ಮಾತ್ರ ಬರೀ ಬೆದರಿಕೆ. ಮಾದರಿ ಬೈಲಾ ಪ್ರಕಾರ ಸರ್ವಿಸ್ ಚಾರ್ಜನ್ನು ಎಲ್ಲ ಫ್ಲ್ಯಾಟಿಗೂ ಸಮನಾಗಿ ಹಂಚಬೇಕು. ಸೆಕ್ರೆಟರಿ ಬಾಗಿಲಲ್ಲಿ ನಿಂತು ರೇಟು ಹೇಳಲು ಆಗುವುದಿಲ್ಲ. ಬಿಲ್ಲಿನಲ್ಲಿ ಹಾಕಿಯೇ ಬಿಟ್ಟರೆ ಲಿಖಿತವಾಗಿ ಆಕ್ಷೇಪಣೆ ಕೊಡಿ. ಅದಕ್ಕೂ ಬಗ್ಗದಿದ್ದರೆ ವಾರ್ಡಿನ ಸಹಕಾರ ಸಂಘಗಳ ಡೆಪ್ಯುಟಿ ರಿಜಿಸ್ಟ್ರಾರ್ ಇದ್ದಾರೆ.

ಕಮಿಟಿ ಮೆಂಬರ್, ಚೆಂಬೂರು

ಡಬಲ್ ಮಾಡುವುದು ತಪ್ಪು, ಅದನ್ನು ನಾನೂ ಒಪ್ಪುತ್ತೇನೆ. ಪತ್ರ ಕೊಟ್ಟರೆ ಯಾವ ಕಮಿಟಿಗೂ ಅರ್ಧ ತಲೆನೋವು ಕಡಿಮೆ. ನಮ್ಮವರು ಒಂದು ಸಾಲೂ ಬರೆದು ಕೊಡಲಿಲ್ಲ, ಅದೇ ಜಗಳ.

ಕುಂದಾಪ್ರ ಮಾಣಿ, ಅಂಧೇರಿ

ನಾನು ಹೋಟೆಲ್ ಲೈನಿನವ. ಬಿಎಂಸಿ (ಮುಂಬೈ ಮಹಾನಗರಪಾಲಿಕೆ) ಹೆಲ್ತ್ ಲೈಸೆನ್ಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? 1888ರ ಮುನಿಸಿಪಲ್ ಕಾಯ್ದೆ, 394ನೇ ಕಲಮು. ನಮ್ಮ ಹೋಟೆಲಿನ ಗೋಡೆಯ ಮೇಲೆ ದೇವರ ಫೋಟೋ ಪಕ್ಕದಲ್ಲೇ ಆ ಲೈಸೆನ್ಸು ಇರುತ್ತದೆ.

ಲೆಕ್ಕದ ಪುಸ್ತಕ, ಠಾಣೆ

ನನಗೆ ಗೊತ್ತಿರುವ ಮಟ್ಟಿಗೆ ಅದು ಗಾಳ ಹಿಡಿದು, ಬೋರ್ಡು ಹಾಕಿ, ಕೌಂಟರ್ ಇಟ್ಟು ಕೂತವರ ಕಥೆ. ಅಕ್ಕ ನಾಳೆ ಕೆಳಗೆ ಅಂಗಡಿ ಹಿಡಿದರೆ ಆಗ ವಾರ್ಡ್ ಆಫೀಸಿಗೆ ಹೋಗಲೇಬೇಕು. ಆಗ ಫೈರ್, ಚಿಮಣಿ, ಎಲ್ಲ ಬರುತ್ತದೆ.

ಘಾಟ್‌ಕೋಪರ್ ಗೆಳತಿ

ಗಾಳ ಅಂದರೆ?

ಕುಂದಾಪ್ರ ಮಾಣಿ, ಅಂಧೇರಿ

ಅಂಗಡಿ ಮಳಿಗೆ. ಮರಾಠಿ ಗಾಳಾ. ಇಲ್ಲಿ ಇಷ್ಟು ವರ್ಷ ಇದ್ದರೆ ಎಲ್ಲ ಕಲಸುಮೇಲೋಗರ ಆಗುತ್ತದೆ.

ಹಿಂಜವಡಿ ಎಂಜಿನಿಯರ್

ಎಲ್ಲರೂ ಮರೆತದ್ದು ಕರೆಂಟ್ ಮೀಟರ್. ನನ್ನ ಹೆಂಡತಿ ಬೇಕಿಂಗ್ ಮಾಡುತ್ತಾಳೆ. ಮನೆಯ ಮೀಟರಿನಲ್ಲಿ ವ್ಯಾಪಾರ ಮಾಡುತ್ತಿದ್ದೀರಿ, ಕಮರ್ಷಿಯಲ್ ರೇಟು ಹಾಕುತ್ತೇವೆ ಅಂತ ಒಬ್ಬ ಬಂದು ಹೆದರಿಸಿದ್ದ. ನಾನು ಟಾರಿಫ್ ಆದೇಶ ತೆಗೆದು ಓದಿದೆ. ಬೇರೆ ಕೆಲಸ ಇರಲಿಲ್ಲ, ಭಾನುವಾರ.

ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗದ ಟಾರಿಫ್ ಆದೇಶದಲ್ಲಿ ಮನೆ ದರ ಯಾರಿಗೆಲ್ಲ ಅನ್ನುವ ಪಟ್ಟಿ ಇರುತ್ತದೆ. ಅದರಲ್ಲಿ ಮನೆಯ ಒಂದು ಭಾಗದಲ್ಲಿ ವ್ಯಾಪಾರ ಮಾಡುವವರೂ ಇದ್ದಾರೆ. ಷರತ್ತು ಎರಡು: ತಿಂಗಳ ಬಳಕೆ 300 ಯೂನಿಟ್ ಒಳಗಿರಬೇಕು, ಹಿಂದಿನ ಹಣಕಾಸು ವರ್ಷದ ಒಟ್ಟು ಬಳಕೆ 3,600 ಯೂನಿಟ್ ಒಳಗಿರಬೇಕು. ಅದರೊಳಗೆ ಇದ್ದರೆ ಮನೆ ದರವೇ. ಮೀರಿದರೆ ಕಮರ್ಷಿಯಲ್ ದರಕ್ಕೆ ಹೋಗುತ್ತೀರಿ. ನೋಡುವುದು ಪೂರ್ತಿ ಮೀಟರಿನ ಯೂನಿಟ್, ಬರೀ ಓವನ್ನಿನದಲ್ಲ. ಎಸಿ, ಗೀಸರ್, ವಾಷಿಂಗ್ ಮೆಷಿನ್ ಎಲ್ಲ ಅದರಲ್ಲೇ.

ಈಗ ಲೆಕ್ಕ ಹಾಕಿ. 2,000 ವಾಟಿನ ಒಟಿಜಿ ಬಿಡದೆ ಉರಿದರೆ ಗಂಟೆಗೆ 2 ಯೂನಿಟ್. ನಿಜದಲ್ಲಿ ಥರ್ಮೋಸ್ಟಾಟ್ ಆಗಾಗ ಕಟ್ ಮಾಡುವುದರಿಂದ ಸ್ವಲ್ಪ ಕಡಿಮೆ. ದಿನಕ್ಕೆ ಮೂರು ಗಂಟೆ ಓವನ್ ಹಾಕಿದರೆ ತಿಂಗಳಿಗೆ 180 ಯೂನಿಟ್ ಹತ್ತಿರ ಅದೊಂದೇ. ಮೇ ತಿಂಗಳಲ್ಲಿ ಎಸಿ ಹಾಕಿದರೆ 300 ದಾಟಿಯೇ ದಾಟುತ್ತದೆ.

ಬೆಣ್ಣೆಬಿಸ್ಕತ್ತು, ಮುಲುಂಡ್

ಅಯ್ಯೋ. ಬಿಲ್ಲು ತೆಗೆದು ನೋಡಿದೆ. ಸಾಮಾನ್ಯ ತಿಂಗಳು 240, 260 ಇದೆ. ಕಳೆದ ಡಿಸೆಂಬರ್‌ನಲ್ಲಿ 330. ನಮಗೆ ಎಸಿ ಇಲ್ಲ, ಪುಣ್ಯ.

ಹಿಂಜವಡಿ ಎಂಜಿನಿಯರ್

ಡಿಸೆಂಬರ್ ನೋಡಿಕೊಳ್ಳಿ. ಒಂದೇ ಸಲ ಓವನ್ ಕಾಯಿಸಿ ಎರಡು ಮೂರು ಟಿನ್ ಸಾಲಾಗಿ ಬೇಯಿಸಿದರೆ ಎಷ್ಟೋ ಉಳಿಯುತ್ತದೆ. ಪ್ರತಿ ಕೇಕಿಗೂ ಹೊಸದಾಗಿ ಕಾಯಿಸುವುದೇ ದುಬಾರಿ. ಅದು ಬೇಡ ಅಂದರೆ ಬೇರೆ ಮೀಟರ್ ಹಾಕಿಸಿಕೊಳ್ಳಬೇಕಾಗುತ್ತದೆ.

ಘಾಟ್‌ಕೋಪರ್ ಗೆಳತಿ

ನಾನು ಗ್ಯಾಸ್ ಓವನ್ ಬಳಸುತ್ತೇನೆ. ಮನೆಯ ಸಿಲಿಂಡರೇ. ಅದಕ್ಕೂ ರೂಲ್ಸ್ ಇದೆಯಾ?

ಕುಂದಾಪ್ರ ಮಾಣಿ, ಅಂಧೇರಿ

ಇದೆ, ಗಟ್ಟಿಯಾಗಿಯೇ ಇದೆ. 14.2 ಕೆಜಿಯದು ಮನೆ ಅಡುಗೆಗೆ ಮಾತ್ರ. ವ್ಯಾಪಾರಕ್ಕೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್. 2000ದ ಎಲ್‌ಪಿಜಿ ಆದೇಶ ಅದು. ನಮ್ಮ ಲೈನಿನಲ್ಲಿ ರೇಡ್ ಆದರೆ ಮೊದಲು ನೋಡುವುದೇ ಕೆಂಪು ಸಿಲಿಂಡರ್ ಇದೆಯಾ ಅಂತ. ಪೈಪ್ ಗ್ಯಾಸಿಗೂ ಮನೆಯದು ಬೇರೆ, ಕಮರ್ಷಿಯಲ್ ಬೇರೆ. ಮತ್ತೆ 19 ಕೆಜಿಯದನ್ನು ಫ್ಲ್ಯಾಟಿಗೆ ತಂದರೆ ಚೆಂಬೂರಿನ ಕಮಿಟಿಯವರು ಎದೆ ಹಿಡಿದುಕೊಳ್ಳುತ್ತಾರೆ. ಅವರ ಆ ಮಾತು ಸರಿಯೇ, ಫ್ಲ್ಯಾಟಿಗೆ ಅದು ಬೇಡ. ಒಟಿಜಿಗೆ ಬನ್ನಿ.

ಕಮಿಟಿ ಮೆಂಬರ್, ಚೆಂಬೂರು

ನೋಡಿದಿರಾ, ಕೊನೆಗೂ ಒಬ್ಬರು ಒಪ್ಪಿದರು.

ಮಾಟುಂಗ ಹಳಬ

ಜಿಎಸ್‌ಟಿ ಕಥೆ ಏನು? ಬೆಂಗಳೂರಿನಲ್ಲಿ ಜುಲೈಯಲ್ಲಿ ಏನಾಯಿತು ಎಲ್ಲರಿಗೂ ನೆನಪಿದೆ ತಾನೇ. ಯುಪಿಐ ಲೆಕ್ಕ ನೋಡಿ ಸಣ್ಣ ಸಣ್ಣ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆಲ್ಲ ನೋಟಿಸ್. ಜನ ಕ್ಯೂಆರ್ ಸ್ಟಿಕ್ಕರ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡು ಹಾಕಿದರು.

ಲೆಕ್ಕದ ಪುಸ್ತಕ, ಠಾಣೆ

ಸರಕು ಮಾರುವವರಿಗೆ ಮಹಾರಾಷ್ಟ್ರದಲ್ಲಿ ಮಿತಿ ವರ್ಷಕ್ಕೆ 40 ಲಕ್ಷ, ಕರ್ನಾಟಕದಲ್ಲೂ ಅಷ್ಟೇ. ಸೇವೆಗೆ 20 ಲಕ್ಷ. 12 ಲಕ್ಷದೊಳಗಿನವರಿಗೆ ಜಿಎಸ್‌ಟಿ ನಂಬರ್ ಚಿಂತೆ ಬೇಡ. ಹಾಗಂತ ಮನೆಯ ಖರ್ಚು, ಚೀಟಿ ದುಡ್ಡು, ತಮ್ಮ ಕಳಿಸಿದ್ದು, ಕೇಕಿನ ದುಡ್ಡು ಎಲ್ಲ ಒಂದೇ ಯುಪಿಐಗೆ ತಗೋಬೇಡಿ. ಯಾರಾದರೂ ಕೇಳಿದಾಗ ಯಾವುದು ಯಾವುದು ಅಂತ ಬಿಡಿಸಿ ಹೇಳಲು ಪ್ರಾಣ ಹೋಗುತ್ತದೆ. ವ್ಯಾಪಾರಕ್ಕೆ ಬೇರೆ ಅಕೌಂಟು ಇಡಿ, ಒಂದು ನೋಟ್‌ಬುಕ್ ಇಡಿ. ಕ್ಯಾಶ್ ಮಾತ್ರ ಅನ್ನುವ ಬುದ್ಧಿವಂತಿಕೆಯೂ ಬೇಡ, ಆದಾಯ ತೆರಿಗೆಗೆ ಅಂದಾಜು ಲಾಭದ ಪದ್ಧತಿಯಲ್ಲಿ ಲೆಕ್ಕ ಕೊಡುವುದಾದರೆ ಡಿಜಿಟಲ್‌ನಲ್ಲಿ ಬಂದ ದುಡ್ಡಿಗೆ 6%, ನಗದಿಗೆ 8% ಲಾಭ ಅಂತ ಹಿಡಿಯುತ್ತಾರೆ. ಯುಪಿಐಯೇ ಲಾಭ.

ಅಂದ ಹಾಗೆ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ತಿನ ಜಿಎಸ್‌ಟಿ 18%ರಿಂದ 5%ಕ್ಕೆ ಇಳಿದಿದೆ. ದೊಡ್ಡ ಬೇಕರಿಯವರು ಬೆಲೆ ಇಳಿಸಿದರೆ ನಿಮಗೆ ಪೈಪೋಟಿ ಜಾಸ್ತಿ ಆಗಬಹುದು.

ಕೋಥ್ರೂಡ್ ಅಕ್ಕ, ಪುಣೆ

ಇಳಿಸಿದರೆ ತಾನೇ! ಬೆಣ್ಣೆ ಬೆಲೆ, ಮೊಟ್ಟೆ ಬೆಲೆ ನೋಡಿದ್ದೀರಾ?

ಅಣ್ಣ, ಒಂದು ಡೌಟು. ನಾನು ಹಬ್ಬಕ್ಕೆ ಹುಬ್ಬಳ್ಳಿ, ಬೆಳಗಾವಿಗೆ ಬಸ್ಸಿನಲ್ಲಿ ನಾನಖಟಾಯಿ ಡಬ್ಬ ಕಳಿಸುತ್ತೇನೆ. ದುಡ್ಡು ತಗೊಂಡೇ.

ಲೆಕ್ಕದ ಪುಸ್ತಕ, ಠಾಣೆ

ಅಲ್ಲಿ ಇದೆ ಕೊಕ್ಕೆ. ಬೇರೆ ರಾಜ್ಯಕ್ಕೆ ಸರಕು ಮಾರಿದರೆ 40 ಲಕ್ಷದ ಮಿತಿ ಲೆಕ್ಕಕ್ಕೇ ಬರುವುದಿಲ್ಲ. ಒಂದು ಡಬ್ಬ ಕಳಿಸಿದರೂ ಜಿಎಸ್‌ಟಿ ರಿಜಿಸ್ಟ್ರೇಷನ್ ಬೇಕು. ತವರಿಗೆ ಉಡುಗೊರೆ ಕಳಿಸುವುದು ಬೇರೆ, ಮಾರುವುದು ಬೇರೆ.

ಕೋಥ್ರೂಡ್ ಅಕ್ಕ, ಪುಣೆ

ಹುಬ್ಬಳ್ಳಿಯ ಎಲ್ಲರೂ ಈಗ ನನ್ನ ತವರಿನವರೇ ಆದರು ತಗೊಳ್ಳಿ. ತಮಾಷೆ ಬಿಡಿ, ಸಂಕ್ರಾಂತಿಯಿಂದ ಹೊರಗಿನ ಆರ್ಡರ್ ಬಂದ್. ಇಲ್ಲವೇ ನಂಬರ್ ಮಾಡಿಸುತ್ತೇನೆ.

ಘಾಟ್‌ಕೋಪರ್ ಗೆಳತಿ

ನಮ್ಮ ಬಿಲ್ಡಿಂಗ್ ಪೂರ್ತಿ ಗುಜರಾತಿ, ಜೈನರು. ಮೊಟ್ಟೆ ಹಾಕದ ಕೇಕ್ ಮಾತ್ರ ಅವರಿಗೆ. ಬೇರೆಯವರಿಗೆ ಮೊಟ್ಟೆಯದೂ ಮಾಡುತ್ತೇನೆ. ಬಾಯಲ್ಲಿ ಎಗ್‌ಲೆಸ್ ಅಂತ ಹೇಳಿದರೆ ಸಾಕಲ್ವಾ? ಡಬ್ಬದ ಮೇಲೆ ಸ್ಟಿಕ್ಕರ್ ಎಲ್ಲ ಯಾಕೆ?

ಕೋಥ್ರೂಡ್ ಅಕ್ಕ, ಪುಣೆ

ಸಾಕಾಗುವುದಿಲ್ಲ. ಮೊದಲೇ ಪ್ಯಾಕ್ ಮಾಡಿ ಇಟ್ಟು ಮಾರುವ ಎಲ್ಲದಕ್ಕೂ ಲೇಬಲ್ ಬೇಕು. ಹೆಸರು, ಏನೇನು ಹಾಕಿದ್ದೀರಿ, ನಿವ್ವಳ ತೂಕ, ಮಾಡಿದ ದಿನ, ಎಲ್ಲಿವರೆಗೆ ತಿನ್ನಬಹುದು, ಬ್ಯಾಚ್ ನಂಬರ್, ನಿಮ್ಮ ಹೆಸರು ವಿಳಾಸ, ಎಫ್‌ಎಸ್‌ಎಸ್‌ಎಐ ನಂಬರ್. ಗೋಧಿ, ಹಾಲು, ಮೊಟ್ಟೆ, ಶೇಂಗಾ, ಬಾದಾಮಿ ಗೋಡಂಬಿಯಂಥದ್ದು, ಸೋಯಾ ಇದ್ದರೆ ಅಲರ್ಜಿಯ ಸಾಲು. ಜತೆಗೆ ಗುರುತು. ಸಸ್ಯಾಹಾರಕ್ಕೆ ಹಸಿರು ಚೌಕದಲ್ಲಿ ಹಸಿರು ಚುಕ್ಕೆ. ಮೊಟ್ಟೆ ಬಿದ್ದರೆ ಅದು ನಾನ್‌ವೆಜ್ ಲೆಕ್ಕ, ಕಂದು ಚೌಕದಲ್ಲಿ ಕಂದು ತ್ರಿಕೋನ. ಮೊದಲು ಅದೂ ಚುಕ್ಕೆಯೇ ಇತ್ತು, 2020ರ ಲೇಬಲ್ ನಿಯಮದಲ್ಲಿ ತ್ರಿಕೋನ ಆಯಿತು. ಬಣ್ಣ ಗುರುತಿಸಲು ಆಗದವರಿಗೂ ಗೊತ್ತಾಗಲಿ ಅಂತ.

ಡೊಂಬಿವ್ಲಿಯಿಂದ

ಮೊಟ್ಟೆ ನಾನ್‌ವೆಜ್ಜಾ? ನಮ್ಮಜ್ಜಿ ಮೊಟ್ಟೆ ತಿಂದುಕೊಂಡೇ ನಾನು ಪ್ಯೂರ್ ವೆಜ್ ಅನ್ನುತ್ತಿದ್ದರು.

ಮಾಟುಂಗ ಹಳಬ

ಅಜ್ಜಿಗೆ ಎಫ್‌ಎಸ್‌ಎಸ್‌ಎಐ ಅನ್ವಯಿಸುವುದಿಲ್ಲ.

ಘಾಟ್‌ಕೋಪರ್ ಗೆಳತಿ

ಅದೇ ಓವನ್, ಅದೇ ಬೀಟರ್ ಇದ್ದರೆ? ಜೈನ ಗಿರಾಕಿ ಒಬ್ಬರು ಕೇಳಿದರು, ನಾನು ಉತ್ತರ ಕೊಡಲಿಲ್ಲ.

ಬೆಣ್ಣೆಬಿಸ್ಕತ್ತು, ಮುಲುಂಡ್

ಉತ್ತರ ಕೊಡಬೇಕಿತ್ತು ಗೆಳತಿ. ಅದು ರೂಲ್ಸಿನ ಮಾತಲ್ಲ, ಅವರ ನಂಬಿಕೆ. ನಾನು ಎರಡು ಬೀಟರ್, ಎರಡು ಜತೆ ಟಿನ್ ಇಟ್ಟಿದ್ದೇನೆ. ಓವನ್ ಒಂದೇ ಅಂತ ಮೊದಲೇ ಹೇಳಿಬಿಡುತ್ತೇನೆ. ಕೆಲವರು ಬೇಡ ಅಂತ ಹೋಗುತ್ತಾರೆ, ಹೋಗಲಿ.

ಹಿಂಜವಡಿ ಎಂಜಿನಿಯರ್

ತೂಕದ ವಿಷಯಕ್ಕೆ ಬರೋಣ. ಅರ್ಧ ಕೆಜಿ ಕೇಕ್ ಅಂತ ತರುತ್ತೇವಲ್ಲ, ಕೆಳಗಿನ ರಟ್ಟಿನ ಬೋರ್ಡು ಸೇರಿಸಿ ಅರ್ಧ ಕೆಜಿನಾ?

ಕೋಥ್ರೂಡ್ ಅಕ್ಕ, ಪುಣೆ

ಬೋರ್ಡು, ಡಬ್ಬ ಯಾವುದೂ ಸೇರಬಾರದು. ನಿವ್ವಳ ಅಂದರೆ ತಿನ್ನುವ ವಸ್ತು ಮಾತ್ರ.

ಲೆಕ್ಕದ ಪುಸ್ತಕ, ಠಾಣೆ

ಇನ್ನೂ ಒಂದು. ವ್ಯಾಪಾರಕ್ಕೆ ತೂಗುವ ತಕ್ಕಡಿ ತೂಕ ಅಳತೆ ಇಲಾಖೆಯ ಮುದ್ರೆ ಇರುವಂಥದ್ದು ಆಗಿರಬೇಕು. ಆನ್‌ಲೈನ್‌ನಲ್ಲಿ 300 ರೂಪಾಯಿಗೆ ಸಿಗುವ ಕಿಚನ್ ಸ್ಕೇಲಿಗೆ ಅದು ಇರುವುದಿಲ್ಲ. ಮೈದಾ ಅಳೆಯಲು ಅದು ಸಾಕು, ತೂಗಿ ಮಾರಲು ಸಾಲದು.

ಡೊಂಬಿವ್ಲಿಯಿಂದ

ಇಷ್ಟೆಲ್ಲ ಮಾಡುವ ಹೊತ್ತಿಗೆ ಕೇಕ್ ಹಳಸಿಹೋಗುತ್ತದೆ. ಈ ದೇಶದಲ್ಲಿ ಒಂದು ಬನ್ ಮಾರಲು ಐದು ಇಲಾಖೆ.

ಕೋಥ್ರೂಡ್ ಅಕ್ಕ, ಪುಣೆ

ಹಾಗೆ ಹೆದರಿಸಬೇಡಿ. ನನ್ನ ಮನೆಗೆ ಒಮ್ಮೆ ಫುಡ್ ಆಫೀಸರ್ ಬಂದಿದ್ದರು. ಕುಡಿಯುವ ನೀರು ಎಲ್ಲಿಂದ ಅಂತ ಕೇಳಿದರು, ಫ್ರಿಜ್ ತೆಗೆಸಿ ಕ್ರೀಮಿನ ಡಬ್ಬದ ತಾರೀಖು ನೋಡಿದರು, ಕಸದ ಬುಟ್ಟಿಗೆ ಮುಚ್ಚಳ ಇದೆಯಾ, ಕಿಟಕಿಗೆ ಜಾಲರಿ ಇದೆಯಾ ನೋಡಿದರು. ನನ್ನ ಕೈ ಉಗುರೂ ನೋಡಿದರು. ಮೊಟ್ಟೆಯನ್ನು ಕ್ರೀಮಿನ ಪಕ್ಕ ಇಡಬೇಡಿ ಅಂದು ಹೋದರು. ಚಹಾನೂ ಕುಡಿಯಲಿಲ್ಲ.

ಲೆಕ್ಕದ ಪುಸ್ತಕ, ಠಾಣೆ

ಸಣ್ಣವರ ರಿಜಿಸ್ಟ್ರೇಷನ್‌ನಲ್ಲಿ ಒಂದು ಒಳ್ಳೆಯ ನಿಯಮವಿದೆ. ಅರ್ಜಿ ಹಾಕಿದ 7 ದಿನದೊಳಗೆ ಕೊಡಬೇಕು, ಇಲ್ಲವೇ ಕಾರಣ ಹೇಳಿ ತಿರಸ್ಕರಿಸಬೇಕು, ಇಲ್ಲವೇ ತಪಾಸಣೆ ಮಾಡುತ್ತೇವೆ ಅನ್ನಬೇಕು. 7 ದಿನದಲ್ಲಿ ಯಾವುದನ್ನೂ ಮಾಡದಿದ್ದರೆ, ಅಥವಾ 30 ದಿನದಲ್ಲಿ ತೀರ್ಮಾನ ಹೇಳದಿದ್ದರೆ ನೀವು ಕೆಲಸ ಶುರು ಮಾಡಬಹುದು. ಹಾಗಾಗಿ ಅರ್ಜಿಯ ರಸೀದಿ ಜೋಪಾನ.

ವಾಸ್ಕೋವಾಸಿ

ಗೋವಾದಲ್ಲೂ ಇದೇ ರಿಜಿಸ್ಟ್ರೇಷನ್, ಅದೇ 100 ರೂಪಾಯಿ. ಕೇಂದ್ರದ ಕಾಯ್ದೆ ಅಲ್ವಾ. ನಮ್ಮ ಪಕ್ಕದ ಮನೆಯ ಅಮ್ಮ ಕ್ರಿಸ್ಮಸ್‌ಗೆ ಬೆಬಿಂಕಾ ಅನ್ನುವ ಸಿಹಿ ಮಾಡಿ ಮಾರುತ್ತಾರೆ, ಒಂದೊಂದು ಪದರವನ್ನೂ ಬೇರೆಬೇರೆ ಬೇಯಿಸುತ್ತಾ ಇಡೀ ದಿನ ಕೂತಿರುತ್ತಾರೆ. 2023ರಲ್ಲಿ ಅದಕ್ಕೆ ಜಿಐ ಟ್ಯಾಗೂ (ಆ ಊರಿನದೇ ವಿಶೇಷ ಅನ್ನುವ ಗುರುತು) ಸಿಕ್ಕಿತು. ಅವರ ಲೇಬಲ್ ಮಾತ್ರ ಕೈಬರಹ.

ಬೆಣ್ಣೆಬಿಸ್ಕತ್ತು, ಮುಲುಂಡ್

ಕೈಬರಹ ನಡೆಯುತ್ತದೆ ಅಂದರೆ ನನಗೂ ಸಮಾಧಾನ. ಪ್ರಿಂಟರ್ ಇಲ್ಲ.

ಪ್ಲಮ್ ಕೇಕಿಗೆ ಹಣ್ಣು ನೆನೆಸಿಟ್ಟಿದ್ದೇನೆ, ರಮ್‌ನಲ್ಲಿ. ಅದಕ್ಕೇನಾದರೂ ಇದೆಯಾ?

ಕುಂದಾಪ್ರ ಮಾಣಿ, ಅಂಧೇರಿ

ರಮ್ ತರಲು ಪರ್ಮಿಟ್ ಇದೆಯಾ ಅಕ್ಕ? ಮಹಾರಾಷ್ಟ್ರದಲ್ಲಿ 1949ರ ಕಾಯ್ದೆಯ ಪ್ರಕಾರ ಕುಡಿಯುವವರಿಗೂ ಪರ್ಮಿಟ್ ಬೇಕು! ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಕಮಿಟಿ ಮೆಂಬರ್, ಚೆಂಬೂರು

ಸೆಕ್ರೆಟರಿಗೆ ಮಾತ್ರ ಈ ಚರ್ಚೆ ತೋರಿಸಬೇಡಿ.

ಕೋಥ್ರೂಡ್ ಅಕ್ಕ, ಪುಣೆ

ಹಾಕಿದ್ದರೆ ಪದಾರ್ಥಗಳ ಸಾಲಿನಲ್ಲಿ ರಮ್ ಅಂತ ಬರೆಯಿರಿ. ಮಕ್ಕಳು, ಗರ್ಭಿಣಿಯರು ತಿನ್ನುತ್ತಾರೆ. ನಾನು ಕಿತ್ತಳೆ ರಸದಲ್ಲಿ ನೆನೆಸುತ್ತೇನೆ, ತಂಟೆಯೇ ಇಲ್ಲ. ಕಾರದೊಳಗೆ ಸ್ವಲ್ಪ ಶುಂಠಿ ಪುಡಿ ಹಾಕಿದರೆ ಪರಿಮಳ ಬರುತ್ತದೆ.

ಡೊಂಬಿವ್ಲಿಯಿಂದ

ಕಾರದೊಳಗೆ?

ಕೋಥ್ರೂಡ್ ಅಕ್ಕ, ಪುಣೆ

ಕ್ಯಾರಮೆಲ್. ಮೊಬೈಲು ತಾನೇ ತಿದ್ದುತ್ತದೆ ಹಾಳಾದ್ದು.

ಬೆಣ್ಣೆಬಿಸ್ಕತ್ತು, ಮುಲುಂಡ್

ಇವತ್ತಿನ ಸುದ್ದಿ. ಅರ್ಜಿ ಹಾಕಿದೆ, ಐದು ವರ್ಷಕ್ಕೆ, 500 ಕಟ್ಟಿದೆ. ಕೋಥ್ರೂಡ್ ಅಕ್ಕ ಹೇಳಿದ ಹಾಗೆ ಪತ್ರ ಬರೆದು ಸೆಕ್ರೆಟರಿಗೆ ಕೊಟ್ಟೆ, ಜತೆಗೆ ಹೈಕೋರ್ಟ್ ಸುದ್ದಿ ಪೂರ್ತಿ ಪ್ರಿಂಟ್ ಹಾಕಿಸಿ ಕೊಟ್ಟೆ. ಪತ್ರ ತಗೊಂಡರು, ಸಿಕ್ಕೆ ಹಾಕಲು ಚೇರ್ಮನ್ ಊರಿಂದ ಬರಬೇಕಂತೆ. ಮೇಂಟೆನೆನ್ಸ್ ಡಬಲ್ ಮಾತು ಎತ್ತಲಿಲ್ಲ. ಹೋಗುವಾಗ ಮಗಳ ಹುಟ್ಟುಹಬ್ಬ 14ಕ್ಕೆ, ಒಂದು ಕೆಜಿ ಚಾಕೊಲೇಟ್ ಎಷ್ಟಾಗುತ್ತದೆ ಅಂತ ಕೇಳಿದರು.

ಕುಂದಾಪ್ರ ಮಾಣಿ, ಅಂಧೇರಿ

ಫುಲ್ ರೇಟ್ ಹೇಳಿ. ಡಿಸ್ಕೌಂಟ್ ಬೇಡ.

ಲೆಕ್ಕದ ಪುಸ್ತಕ, ಠಾಣೆ

ಬಿಲ್ಲೂ ಕೊಡಿ, ನಂಬರ್ ಬಂದಿದ್ದರೆ 14 ಅಂಕಿ ಸಮೇತ. ಮತ್ತೆ ಆ ಪತ್ರವನ್ನು ಇಮೇಲಿನಲ್ಲೂ ಕಳಿಸಿ, ಚೇರ್ಮನ್ ಯಾವಾಗ ಬರುತ್ತಾರೋ ಯಾರಿಗೆ ಗೊತ್ತು. ಇಮೇಲಿಗೆ ತಾರೀಖು ತಾನಾಗಿ ಬೀಳುತ್ತದೆ.

ಘಾಟ್‌ಕೋಪರ್ ಗೆಳತಿ

ಫಾಸ್ಕಾಸ್‌ನಲ್ಲಿ ಬಿಸಿನೆಸ್ ಟೈಪ್ ಏನು ಹಾಕಬೇಕು? ಹತ್ತಾರು ಆಯ್ಕೆ ಬರುತ್ತಿದೆ, ತಲೆ ತಿರುಗುತ್ತಿದೆ.

ಲೆಕ್ಕದ ಪುಸ್ತಕ, ಠಾಣೆ

ನೀವೇ ತಯಾರಿಸಿ ಮಾರುತ್ತೀರಿ, ಆದ್ದರಿಂದ ಬರೀ ಮಾರಾಟದವರ ಸಾಲಿನಲ್ಲಿ ಹಾಕಬೇಡಿ, ತಯಾರಕರ ವಿಭಾಗ ನೋಡಿ. ಅಲ್ಲಿ ಬೇಕರಿ ಪದಾರ್ಥ ಸಿಗುತ್ತದೆ. ಸ್ಕ್ರೀನ್‌ಶಾಟ್ ಹಾಕಿ, ಸಂಜೆ ನೋಡುತ್ತೇನೆ.